ಮಾವನ ಬೈಕು, ಬೆನ್ನಿಗೆ ಖಾಲಿ ಟೆಂಪೊ

ಬಿ.ಸಿ. ರೋಡಿನಲ್ಲಿ ಬೆಳ್ತಂಗಡಿಯ ಸರಕಾರಿ ಬಸ್ಸು ಹತ್ತುವಾಗ ನನ್ನ ಕೈಯಲ್ಲಿ ಹೆಲ್ಮೆಟ್ ಇತ್ತು. ಹೆಂಗಸರ ಉಚಿತ ಟಿಕೆಟು ಹರಿಯುತ್ತಿದ್ದ ಕಂಡಕ್ಟರು ಅದನ್ನೊಮ್ಮೆ, ನನ್ನನ್ನೊಮ್ಮೆ ನೋಡಿ, ಬಸ್ಸಿನಲ್ಲೂ ಹೆಲ್ಮೆಟ್ ಕಡ್ಡಾಯವಾಯಿತಾ ಎಂದು ವಿಚಾರಿಸಿದ. ಹೋಗುವುದು ನಿಮ್ಮ ಬಸ್ಸಿನಲ್ಲಿ, ಬರುವುದು ನನ್ನ ಬೈಕಿನಲ್ಲಿ ಎಂದೆ. 'ನನ್ನ ಬೈಕು' ಎಂದದ್ದು ತುಸು ಅವಸರವಾಯಿತು. ಅದು ನನ್ನದಾಗಬೇಕಾದರೆ ಮರುದಿನ ಬೆಳಿಗ್ಗೆ ಬೆಳ್ತಂಗಡಿಯಾಚೆ ಘಟ್ಟದ ಬುಡದ ಲಾಯಿಲದ ಚಳಿಯಲ್ಲಿ ಅದನ್ನು ನಾನೊಬ್ಬಳೇ ಸ್ಟಾರ್ಟ್ ಮಾಡಬೇಕಿತ್ತು.

ಬೈಕು ನನ್ನ ಅಮ್ಮನ ಅಣ್ಣ, ಅಂದರೆ ಮಾವನದ್ದು. ರಬ್ಬರ್ ವ್ಯಾಪಾರಕ್ಕೆಂದು ಊರೂರು ಅಲೆಯುವಾಗ ಅವರು ಓಡಿಸಿದ ಹಳೆಯ ಕಾಲದ ಗಾಡಿ. ಗೇರು ಬಲಗಾಲಿಗೆ, ಬ್ರೇಕು ಎಡಗಾಲಿಗೆ, ಬಟನ್ ಒತ್ತಿ ಸ್ಟಾರ್ಟ್ ಮಾಡುವ ಸುಖ ಅದಕ್ಕಿಲ್ಲ, ಕಿಕ್ಕೇ ಗತಿ. ಕಳೆದ ವರ್ಷ ಮಾವನ ಮೊಣಕಾಲಿಗೆ ಶಸ್ತ್ರಚಿಕಿತ್ಸೆಯಾಯಿತು. ಕಿಕ್ ಹೊಡೆಯುವುದು ಇನ್ನು ಬೇಡ ಎಂದು ಡಾಕ್ಟರು ಹೇಳಿದ ದಿನದಿಂದ ಬೈಕು ಟಾರ್ಪಾಲು ಹೊದ್ದು ಮಲಗಿತು. ತಿಂಗಳಿಗೊಮ್ಮೆ ಮೆಕ್ಯಾನಿಕ್ ಬಂದು ಮಧ್ಯಾಹ್ನದ ಬಿಸಿಲಲ್ಲಿ ಓಡಿಸಿ ಹೋಗುತ್ತಿದ್ದ, ಅಷ್ಟೆ.

ಮಾವನ ಮಗ ಸುಧೀರ ಭಾವ ದುಬೈಯಿಂದ ಬಂದು ಮೂಡುಬಿದಿರೆಯಲ್ಲಿ ಹೋಟೆಲು ತೆರೆಯುವವರಿದ್ದರು. ಅದರ ಎದುರು ಟೈಲ್ಸ್ ಹಾಕಿದ ಕಟ್ಟೆಯೊಂದನ್ನು ಕಟ್ಟಿಸಿ, ಬೈಕನ್ನು ಅಲ್ಲಿ ನಿಲ್ಲಿಸಿ, ಸುತ್ತ ಬಣ್ಣದ ಲೈಟು ಹಾಕುವುದು ಅವರ ಆಸೆ. ಮನೆಯವರೆಲ್ಲ ಒಟ್ಟಿಗೆ ಊಟಕ್ಕೆ ಕೂತಿದ್ದಾಗ ಇದನ್ನು ಹೇಳಿದರು. ಓಡುವ ಗಾಡಿಯನ್ನು ಬೊಂಬೆ ಮಾಡುವುದೇ? ಅಳಿಯಕಟ್ಟಿನ ಪ್ರಕಾರ ಮಾವನ ಸೊತ್ತು ತಂಗಿಯ ಮಕ್ಕಳಿಗೆ ಬರಬೇಕು, ಬೈಕು ನನ್ನದು ಎಂದೆ, ಅರ್ಧ ತಮಾಷೆ, ಅರ್ಧ ನಿಜ. ಆ ಕಟ್ಟೆಲ್ಲ ಹೋಗಿ ಎಷ್ಟು ಕಾಲವಾಯಿತು, ಈಗ ಕಾನೂನು ಬೇರೆ ಎಂದರು ಭಾವ. ಮಾವ ಎಲೆ ಮಡಚಿ ತೀರ್ಪು ಕೊಟ್ಟರು. ಮನೆಮಾತು ತುಳು, ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಕಟ್ಟೂ ಬೇಡ, ಕಾನೂನೂ ಬೇಡ. ಚಳಿಗಾಲದಲ್ಲಿ ಬೆಳಿಗ್ಗೆ ಸ್ಟಾರ್ಟ್ ಮಾಡಿ, ಮೂಡುಬಿದಿರೆವರೆಗೆ ಓಡಿಸಿಕೊಂಡು ಹೋದರೆ ಇವಳಿಗೆ. ಇಲ್ಲದಿದ್ದರೆ ನಿನ್ನ ಕಟ್ಟೆಗೆ. ದೂಡಲಿಕ್ಕಿಲ್ಲ. ನಾನು ಒಂದು ಮಾತೂ ಹೇಳಿಕೊಡೂದಿಲ್ಲ."

ನಾನು ಬಂಟ್ವಾಳದ ಹೈಸ್ಕೂಲಿನಲ್ಲಿ ಗಣಿತದ ಟೀಚರು. ಪಕ್ಕದ ಮನೆಯವರಲ್ಲಿ ಅಂಥದ್ದೇ ಒಂದು ಹಳೆಯ ಬೈಕು ಇತ್ತು. ಅದರಲ್ಲಿ ಒಂದು ತಿಂಗಳು ಅಭ್ಯಾಸ ಮಾಡಿದೆ. ಕಾಲು ಇಟ್ಟರೆ ಸಾಕು, ಸ್ಟಾರ್ಟ್ ಆಗುತ್ತಿತ್ತು. ನೇತ್ರಾವತಿ ದಡದ ನಮ್ಮ ಊರಿನಲ್ಲಿ ಡಿಸೆಂಬರಿನಲ್ಲೂ ಫ್ಯಾನು ತಿರುಗುತ್ತಿರುತ್ತದೆ ಎಂಬುದು ಆಗ ತಲೆಗೆ ಹೋಗಲಿಲ್ಲ.

ಪುಂಜಾಲಕಟ್ಟೆ ದಾಟಿದ ಮೇಲೆ ರಸ್ತೆ ಅಗಲ ಮಾಡುವ ಕೆಲಸದ ಕೆಂಪು ಧೂಳು. ಮಡಂತ್ಯಾರಿನಿಂದ ಮುಂದೆ ಬಸ್ಸಿನ ಕಿಟಕಿಗಳು ಒಂದೊಂದಾಗಿ ಮುಚ್ಚತೊಡಗಿದವು. ಬೆಳ್ತಂಗಡಿಯಲ್ಲಿ ಇಳಿಯುವಾಗ ಸಂಜೆಯ ಗಾಳಿಗೆ ಕಿವಿ ತಣ್ಣಗಾಯಿತು. ಲಾಯಿಲದ ಮನೆಯಲ್ಲಿ ಮಾಮಿ, ಅಂದರೆ ಮಾವನ ಹೆಂಡತಿ, ಕೊತ್ತಂಬರಿ ಕಷಾಯ ಮಾಡಿಟ್ಟಿದ್ದರು. ಅಂಗಳದಲ್ಲಿ ಟಾರ್ಪಾಲು ಸರಿಸಿ ಬೈಕಿನ ಟ್ಯಾಂಕನ್ನೊಮ್ಮೆ ಸವರಿ ಬಂದೆ. ಮಾವ ಜಗಲಿಯಿಂದ ನೋಡುತ್ತಿದ್ದರು.

ಬೆಳಿಗ್ಗೆ ಎದ್ದಾಗ ಘಟ್ಟವೇ ಕಾಣಲಿಲ್ಲ, ಮಂಜು ಗೇಟಿನವರೆಗೆ ಬಂದು ನಿಂತಿತ್ತು. ನಮ್ಮ ಕಡೆಯ ಚಳಿ ಘಟ್ಟದ ಮೇಲಿನವರಿಗೆ ನಗು ತರಿಸುವಷ್ಟೇ. ಆದರೆ ಬೆವರಿಯೇ ಬೆಳೆದ ನನಗೆ ಹಲ್ಲು ಕಟಕಟ ಎನ್ನಲು ಅಷ್ಟು ಸಾಕಿತ್ತು. ಮಾಮಿಯ ಅಕ್ಕಿ ಪುಂಡಿ ಕಡುಬು ತಿಂದು ಹೊರಗೆ ಬರುವಷ್ಟರಲ್ಲಿ ಭಾವ ಟೆಂಪೊ ತಂದು ರಸ್ತೆ ಬದಿ ನಿಲ್ಲಿಸಿದ್ದರು. ಬೈಕು ಹತ್ತಿಸಲು ಹಲಗೆ, ಕಟ್ಟಲು ಹಗ್ಗ, ಎಲ್ಲ ತಯಾರು. ಮಾವ ಜಗಲಿಯ ಕುರ್ಚಿಯಲ್ಲಿ ಚಾ ಲೋಟ ಹಿಡಿದು ಕೂತರು.

ಪೆಟ್ರೋಲಿನ ನಲ್ಲಿ ತೆರೆದೆ, ಕೀ ತಿರುಗಿಸಿದೆ, ಕಿಕ್ ಹೊಡೆದೆ. ಪೆಡಲು ಕೆಳಗಿಳಿಯಲೇ ಒಪ್ಪಲಿಲ್ಲ. ಒಳಗಿನ ಆಯಿಲು ಚಳಿಗೆ ಗಟ್ಟಿಯಾಗಿತ್ತು. ಮೈಭಾರವೆಲ್ಲ ಹಾಕಿ ತುಳಿದೆ. ಎಂಜಿನ್ ಒಮ್ಮೆ ಗೊರಕೆ ಹೊಡೆದು ಸುಮ್ಮನಾಯಿತು. ಮತ್ತೆ ಹೊಡೆದೆ, ಮತ್ತೆ ಮತ್ತೆ ಹೊಡೆದೆ. ಒಂದು ಸಲ ಪೆಡಲು ತಿರುಗಿ ಬಂದು ಕಾಲಿನ ಮೂಳೆಗೆ ಬಡಿದು ಕಣ್ಣಲ್ಲಿ ನೀರು ಬಂತು. ಸ್ವೆಟರು ತೆಗೆದು ಬೇಲಿಗೆ ಎಸೆದೆ. ಚಳಿ ಎಲ್ಲಿ ಹೋಯಿತೋ, ನನಗೆ ಸಿಟ್ಟು ಬಂದಿತ್ತು. ಭಾವ ಮೆಲ್ಲನೆ ಟೆಂಪೊದ ಹಿಂದಿನ ಬಾಗಿಲು ಇಳಿಸುವ ಸದ್ದು ಕೇಳಿಸಿತು.

ಉಸಿರು ತೆಗೆದುಕೊಳ್ಳಲೆಂದು ತಲೆ ಎತ್ತಿದೆ. ಎದುರಿಗೆ ಮಾವ ಬಾಯಿ ಬಿಗಿದು ಕೂತಿದ್ದರು. ಚಾ ಹಾಗೆಯೇ ಆರಿತ್ತು. ನಾನು ಪೆಡಲಿಗೆ ಕಾಲಿಟ್ಟೆ. ಅವರ ಎಡಗೈ ಕುರ್ಚಿಯ ಹಿಡಿಯಿಂದ ಜಾರಿ ಕೆಳಗೆ ಹೋಯಿತು, ತೊಡೆಯ ಪಕ್ಕದಲ್ಲಿ ಬೆರಳೊಂದು ಏನನ್ನೋ ಮೇಲಕ್ಕೆತ್ತಿತು. ನಾನು ತುಳಿಯುವಾಗ ಅವರ ಬಲ ಮೊಣಕಾಲು, ಆ ಆಪರೇಷನ್ ಆದ ಮೊಣಕಾಲೇ, ಒಂದಿಷ್ಟು ಅದುರಿತು. ಇನ್ನೊಂದು ಕಿಕ್ ಹೊಡೆದು ನೋಡಿದೆ. ಮತ್ತೆ ಅದೇ ಕೈ, ಅದೇ ಬೆರಳು. ಮಾವ ಕುರ್ಚಿಯಲ್ಲಿ ಕೂತೇ ಬೈಕು ಸ್ಟಾರ್ಟ್ ಮಾಡುತ್ತಿದ್ದರು, ಅದು ಅವರಿಗೇ ಗೊತ್ತಿರಲಿಲ್ಲ.

ಅವರು ಬೈಕಿನ ಮೇಲೆ ಕೂತಿದ್ದರೆ ಆ ಬೆರಳು ಎಲ್ಲಿರುತ್ತಿತ್ತು? ಬಗ್ಗಿ ಟ್ಯಾಂಕಿನ ಕೆಳಗೆ, ಎಡಬದಿಗೆ ಕೈ ಹಾಕಿದೆ. ಪುಟ್ಟ ಲಿವರೊಂದು ಸಿಕ್ಕಿತು. ಚೋಕ್! ಎಂಜಿನಿಗೆ ಹೋಗುವ ಗಾಳಿ ತಡೆದು, ತಣ್ಣಗಿರುವಾಗ ಪೆಟ್ರೋಲನ್ನು ಜಾಸ್ತಿ ಕುಡಿಸುವ ಲಿವರು. ಹೆಸರು ಕೇಳಿದ್ದೆ, ಆದರೆ ಬಂಟ್ವಾಳದಲ್ಲಿ ಅದನ್ನು ಮುಟ್ಟುವವರು ಯಾರು? ಪಕ್ಕದ ಮನೆಯ ಬೈಕಿನಲ್ಲಿ ಅದು ತುಕ್ಕು ಹಿಡಿದು ಅಂಟಿಕೊಂಡೇ ಇತ್ತು. ಲಿವರು ಎತ್ತಿದೆ. ಕೀ ಬಂದ್ ಮಾಡಿ ಆಯಿಲು ಸಡಿಲಾಗಲೆಂದು ನಾಲ್ಕಾರು ಸಲ ಸುಮ್ಮನೆ ತುಳಿದೆ. ಕೀ ಹಾಕಿ ಹೊಡೆದೆ.

ಆ ಸದ್ದು! ಲಾಯಿಲದ ಮಂಜೆಲ್ಲ ಗಡಗಡ ನಡುಗಿತು. ನಾನು ಅಂಗಳದಲ್ಲಿ ಕುಣಿದೆನೆಂದು ಮಾಮಿ ಈಗಲೂ ಹೇಳುತ್ತಾರೆ, ಸುಳ್ಳಲ್ಲ. ಅಪ್ಪ ಹೇಳಿಕೊಟ್ಟಿದ್ದಾರೆ ಎಂದು ಭಾವ ತಕರಾರು ತೆಗೆದರು. "ನಾನು ಬಾಯಿ ತೆರೆದೆನಾ ಮಾರಾಯ?" ಎಂದು ಮಾವ ರೇಗಿದರು. ಅಷ್ಟಕ್ಕೆ ನಿಲ್ಲದೆ ಒಳಗೆ ಹೋಗಿ ಮಫ್ಲರು ಸುತ್ತಿ, ತಮ್ಮ ಹಳೆಯ ಹೆಲ್ಮೆಟ್ಟು ಹಾಕಿಕೊಂಡು ಬಂದರು. ಕಿಕ್ ಬೇಡ ಎಂದದ್ದು ಡಾಕ್ಟರು, ಹಿಂದೆ ಕೂರುವುದು ಬೇಡ ಎಂದಿಲ್ಲವಲ್ಲ ಎಂಬುದು ಅವರ ವಾದ. ಮಾಮಿ ತಲೆ ಮೇಲೆ ಕೈ ಹೊತ್ತರು.

ಬೇಲಿಯಿಂದ ಸ್ವೆಟರು ತೆಗೆದು ಹಾಕಿಕೊಂಡೆ, ಹೊರಟೆವು. ಬೆಳ್ತಂಗಡಿ ಪೇಟೆ ಆಗಷ್ಟೇ ಬಾಗಿಲು ತೆರೆಯುತ್ತಿತ್ತು. ಗುರುವಾಯನಕೆರೆಯಲ್ಲಿ ಬಲಕ್ಕೆ ತಿರುಗಿ ವೇಣೂರಿನ ರಸ್ತೆ ಹಿಡಿದಾಗ ಬಿಸಿಲು ಮಂಜಿನೊಳಗಿಂದ ಇಣುಕಿತು. ಹಿಂದೆ ಭಾವನ ಖಾಲಿ ಟೆಂಪೊ, ಹಲಗೆ ಕುಲುಕಿಸುತ್ತ, ಬಿಟ್ಟೂಬಿಡದೆ. ಬೆರಳು ಮರಗಟ್ಟಿತ್ತು, ಆದರೆ ಅಷ್ಟು ಖುಷಿಯಾಗಿ ನಾನು ಎಲ್ಲಿಗೂ ಹೋದದ್ದಿಲ್ಲ. ಮಾವ ಬೆನ್ನ ಹಿಂದೆ ಏನೋ ಗುನುಗುತ್ತಿದ್ದರು. ತಿರುವು ಬಂದಾಗಲೆಲ್ಲ ಅವರ ಬಲಗಾಲು ಗೇರು ಹುಡುಕುವುದು ನನ್ನ ಕಾಲಿಗೆ ತಾಗಿ ತಿಳಿಯುತ್ತಿತ್ತು.

ವೇಣೂರು ಇನ್ನೇನು ಬಂತು ಎನ್ನುವಾಗ ಎಂಜಿನ್ ಕೆಮ್ಮತೊಡಗಿತು. ಹಿಂದೆ ಕಪ್ಪು ಹೊಗೆ. ಫಲ್ಗುಣಿಯ ಸೇತುವೆಯ ಹತ್ತಿರ ಬೈಕು ನಿಂತೇಬಿಟ್ಟಿತು. ಕಿಕ್ಕಿಗೆ ಜೀವ ಬರಲಿಲ್ಲ. ಟೆಂಪೊ ಬಂದು ನಿಂತು, ಭಾವ ಇಳಿದು ಹಲಗೆ ಜೋಡಿಸಿದರು. ಗೇಲಿ ಮಾಡಲಿಲ್ಲ ಪಾಪ, "ಇಷ್ಟು ದೂರ ತಂದದ್ದೇ ದೊಡ್ಡದು, ಹತ್ತಿಸುವ" ಎಂದರು ಅಷ್ಟೆ. ನಾನು ಮಾವನ ಕೈ ನೋಡಿದೆ. ಈ ಸಲ ಅದು ಏನೂ ಹೇಳಲಿಲ್ಲ. ಮಾವನ ಮುಖವೇ ಬಾಡಿತ್ತು. ಅಲ್ಲಿಯವರೆಗೆ ಬೈಕು ನನಗೆ ಬೇಕೆಂದು ಹಟ ಹಿಡಿದಿದ್ದೆ, ಅದು ಟೆಂಪೊ ಹತ್ತುವುದನ್ನು ನಿಂತು ನೋಡುವುದು ಇವರಿಂದಾಗುವುದಿಲ್ಲ ಎಂದು ಆಗ ಅನಿಸಿತು.

ಬಂಟ್ವಾಳದಲ್ಲಿ ಒಂದು ತಿಂಗಳು ಓಡಿಸಿದವಳು ಇಂದು ಹೊಸದಾಗಿ ಮಾಡಿದ್ದೇನು? ಒಂದೇ ಒಂದು ಕೆಲಸ. ಬಗ್ಗಿ ನೋಡಿದರೆ ಲಿವರು ಇನ್ನೂ ಮೇಲೆಯೇ ಇತ್ತು. ಚೋಕ್ ಎತ್ತಲು ಕಲಿತವಳು ಇಳಿಸಲು ಕಲಿತಿರಲಿಲ್ಲ. ಮೈ ಬಿಸಿಯಾದ ಮೇಲೂ ಕಂಬಳಿ ಹೊದಿಸಿಟ್ಟ ಹಾಗೆ, ಬೆಳ್ತಂಗಡಿಯಿಂದ ಅದಕ್ಕೆ ಪೆಟ್ರೋಲು ಕುಡಿಸುತ್ತಲೇ ಬಂದಿದ್ದೆ. ಆ ಲಿವರನ್ನು ಜನ್ಮದಲ್ಲಿ ಮರೆಯದ ಮಾವನೂ ಹಿಂದೆ ಕೂತ ಸಂತೋಷದಲ್ಲಿ ಮರೆತುಬಿಟ್ಟಿದ್ದರು. ಬೈಕಿನ ಪೆಟ್ಟಿಗೆಯಲ್ಲಿದ್ದ ಸ್ಪ್ಯಾನರಿನಿಂದ ಸ್ಪಾರ್ಕ್ ಪ್ಲಗ್ ಬಿಚ್ಚಿದೆ, ಮಸಿ ಮೆತ್ತಿ ಕರ್ರಗಾಗಿತ್ತು. ಒರೆಸಲು ಬಟ್ಟೆ ಹುಡುಕುವಾಗ ಮಾವ ಕುತ್ತಿಗೆಯ ಮಫ್ಲರು ತೆಗೆದು ಕೊಟ್ಟರು.

ಪ್ಲಗ್ ಮರಳಿ ಸಿಕ್ಕಿಸಿ, ಚೋಕ್ ಇಳಿಸಿ ಹೊಡೆದೆ. ಮೊದಲ ಕಿಕ್ಕಿಗೇ ಸ್ಟಾರ್ಟ್ ಆಯಿತು. ವೇಣೂರು ಪೇಟೆಯಲ್ಲಿ ಎಂಜಿನ್ ಬಂದ್ ಮಾಡುವ ಧೈರ್ಯ ನನಗಾಗಲಿಲ್ಲ. ಅದು ಡುಗುಡುಗು ಎನ್ನುತ್ತಿರುವಾಗಲೇ ಪಕ್ಕದಲ್ಲಿ ನಿಂತು ಮೂವರೂ ಬನ್ಸ್ ತಿಂದು ಚಾ ಕುಡಿದೆವು. ಬಸ್ಸಿಗೆ ಕಾಯುತ್ತಿದ್ದವರೆಲ್ಲ ಸುತ್ತ ನೆರೆದು ಮಾಡೆಲ್ ಯಾವುದೆಂದು ಕೇಳಿದರು. ಉತ್ತರಿಸುವ ಉತ್ಸಾಹ ನನಗಿಂತ ಭಾವನಿಗೇ ಹೆಚ್ಚಿತ್ತು.

ಮೂಡುಬಿದಿರೆಯ ಹೋಟೆಲಿನ ಎದುರು ನಿಲ್ಲಿಸಿದಾಗ ಬಿಸಿಲು ಚುರುಕಾಗಿತ್ತು. ಕಟ್ಟೆ ಚೆನ್ನಾಗಿಯೇ ಇತ್ತು, ಹೊಳೆಯುವ ಟೈಲ್ಸು. ಭಾವ ಅದನ್ನೊಮ್ಮೆ, ಬೈಕನ್ನೊಮ್ಮೆ ನೋಡಿದರು. ಆಮೇಲೆ ತಮ್ಮ ಕೀ ಗೊಂಚಲಿನಿಂದ ಸವೆದ ಕೀಯೊಂದನ್ನು ಬಿಡಿಸಿ ನನ್ನ ಕೈಗಿಟ್ಟರು. ಬೈಕಿನ ಎರಡನೆಯ ಕೀ. ದುಬೈಯಲ್ಲಿದ್ದಷ್ಟು ವರ್ಷವೂ ಅದು ಅವರ ಕಿಸೆಯಲ್ಲೇ ಇತ್ತಂತೆ. ಯಾವಾಗ ಬೇಕಾದರೂ ಬಂದು ಓಡಿಸಿ ಭಾವ ಎಂದೆ. "ಮೊದಲು ಚೋಕ್ ಎಲ್ಲಿ ಉಂಟು ತೋರಿಸು," ಎಂದು ನಕ್ಕರು. ಮಾವ ಖಾಲಿ ಕಟ್ಟೆಯ ಮೇಲೆ ಆರಾಮವಾಗಿ ಕೂತು ಇನ್ನೊಂದು ಚಾ ತರಿಸಿಕೊಂಡರು.

ಸಿದ್ಧಕಟ್ಟೆಯ ದಾರಿಯಾಗಿ ಒಬ್ಬಳೇ ಮನೆಗೆ ಬಂದೆ. ಬಂಟ್ವಾಳ ಹತ್ತಿರವಾದಂತೆ ಸ್ವೆಟರಿನೊಳಗೆ ಬೆವರು.

ಸೋಮವಾರ ಶಾಲೆಗೆ ಹೊರಡುವ ಮುಂಚೆ ಮಾವನಿಗೆ ಫೋನು ಮಾಡಿದೆ. ಕೇಳಿ ಎಂದಷ್ಟೇ ಹೇಳಿ ಫೋನನ್ನು ಸೀಟಿನ ಮೇಲಿಟ್ಟೆ. ಚಳಿ ಎನ್ನುವಂಥದ್ದು ಏನೂ ಇರಲಿಲ್ಲ, ಆದರೂ ಲಿವರು ಎತ್ತಿದೆ. ಕಲಿತ ವಿದ್ಯೆ ತೋರಿಸಬೇಡವೇ? ಒಂದೇ ಕಿಕ್ಕಿಗೆ ಅಂಗಳ ತುಂಬ ಸದ್ದು. ಫೋನನ್ನು ಸೈಲೆನ್ಸರಿನ ಹತ್ತಿರ ಹಿಡಿದು, ಆಮೇಲೆ ಕಿವಿಗಿಟ್ಟುಕೊಂಡೆ. ಪಂದ್ಯ ಮುಗಿದಿತ್ತು, ಈಗ ಅವರು ಬಾಯಿ ತೆರೆಯಬಹುದಿತ್ತು.

"ಚೋಕ್ ಇಳಿಸು ಮಾರಾಯ್ತಿ," ಎಂದರು ಮಾವ.