ಜೀಪಕ್ಕನ ಎಡಗಡೆ ಚಕ್ರ

ಜೀಪಕ್ಕ ಎಂದರೆ ಆ ಬೆಟ್ಟದ ಕೆಳಗೂ ಮೇಲೂ ಗೊತ್ತಿಲ್ಲದವರಿರಲಿಲ್ಲ. ಹುಟ್ಟಿದಾಗ ಇಟ್ಟ ಹೆಸರು ಬೇರೆ ಇತ್ತು. ಆ ಹೆಸರಿನಿಂದ ಯಾರಾದರೂ ಕೂಗಿದರೆ ಅವಳೇ ತಿರುಗಿ ನೋಡುತ್ತಿರಲಿಲ್ಲ. ಗಂಡ ದರ್ಜಿ. ಮನೆಯ ಮುಂದಿನ ಕೋಣೆಯಲ್ಲಿ ಅವನ ಹೊಲಿಗೆ ಮಿಷನ್ನು, ಹಿಂದಿನ ಅಂಗಳದಲ್ಲಿ ಅವಳ ಜೀಪು. ಅವನಿಗೆ ಜೀಪಿನಲ್ಲಿ ಕೂತರೆ ತಲೆ ಸುತ್ತು, ಅವಳಿಗೆ ಸೂಜಿಗೆ ದಾರ ಪೋಣಿಸೆಂದರೆ ಮೈಯೆಲ್ಲ ಉರಿ. ಒಬ್ಬರ ಕೆಲಸಕ್ಕೆ ಇನ್ನೊಬ್ಬರು ತಲೆ ಹಾಕದೆ ಸುಖವಾಗಿದ್ದರು. ಜೀಪಿನ ಸೀಟಿಗೆ ಕವರು ಹೊಲಿದುಕೊಟ್ಟಿದ್ದೊಂದೇ ಅವನ ಪಾಲಿನ ಸೇವೆ. ಅದೂ ಯಾರದೋ ಪ್ಯಾಂಟಿಗೆ ತಂದು ಉಳಿದ ಬಟ್ಟೆ.

ಜೀಪು ಅಪ್ಪನದು. ಅಪ್ಪ ಲಾರಿ ಓಡಿಸಿ ಓಡಿಸಿ ಸೊಂಟ ಸವೆಸಿಕೊಂಡವರು. ಲಾರಿ ಬಿಟ್ಟ ಮೇಲೆ ಕೈ ಸುಮ್ಮನಿರಲಾರದೆ ನಾಲ್ಕೂ ಚಕ್ರ ಎಳೆಯುವ ಈ ಜೀಪು ಕೊಂಡು, ಬೆಟ್ಟದ ಮೇಲಿನ ಊರಿಗೆ ಜನರನ್ನೂ ಸಾಮಾನನ್ನೂ ಸಾಗಿಸತೊಡಗಿದರು. ಸೊಂಟ ಪೂರ್ತಿ ಕೈಕೊಟ್ಟ ದಿನ ಬೀಗದ ಕೈ ಮಗಳ ಕೈಗೆ ಬಂತು. "ಹೆಂಗಸು ಓಡಿಸೋ ಗಾಡಿಯಲ್ಲಿ ಯಾರು ಕೂರ್ತಾರೆ?" ಅಂದವರೇ ಆಮೇಲೆ ಮುಂದಿನ ಸೀಟಿಗಾಗಿ ಜಗಳ ಮಾಡುವಂತಾಯಿತು. ಮೇಲಿನ ಶಾಲೆಯ ಟೀಚರುಗಳು, ಔಷಧಿ ಪೆಟ್ಟಿಗೆ ಹಿಡಿದ ನರ್ಸಮ್ಮ, ಅಂಗಡಿಗೆ ಹೋಗುವ ಸಕ್ಕರೆ, ಸೋಪು, ಸೀಮೆಎಣ್ಣೆ, ಎಲ್ಲವೂ ಅವಳ ಜೀಪಿನಲ್ಲೇ ಮೇಲೆ ಹೋಗಬೇಕು. ಬಸ್ಸು ಬೆಟ್ಟದ ಬುಡಕ್ಕೆ ಬಂದು ಬೆನ್ನು ತೋರಿಸುತ್ತಿತ್ತು.

ಊರು ಸಿಗುವ ಮೊದಲು ಕೊನೆಯದೊಂದು ಏರು. ಕೆಂಪು ಜೇಡಿಮಣ್ಣು, ಒಂದು ಕಡೆ ಬಂಡೆ, ಇನ್ನೊಂದು ಕಡೆ ನೋಡಬಾರದು. ಅಲ್ಲಿ ಹಿಂದಿನ ಚಕ್ರಗಳ ಬಲ ಸಾಲದು, ಗೇರಿನ ಪಕ್ಕದ ಸನ್ನೆಕೋಲು ಎಳೆದು ಮುಂದಿನ ಚಕ್ರಗಳಿಗೂ ಬಲ ಕೊಡಬೇಕು. ಆದರೆ ಬಲ ಚಕ್ರ ತಿರುಗಿಸುವ ಆಕ್ಸಲ್‌ವರೆಗೆ ಬಂದರೆ ಸಾಲದು, ಚಕ್ರ ಅದನ್ನು ಹಿಡಿದುಕೊಳ್ಳಬೇಕು. ಹಾಗೆ ಹಿಡಿಸುವುದು ಚಕ್ರದ ನಟ್ಟನಡುವೆ ಬೋರಲು ಹಾಕಿದ ಬಟ್ಟಲಿನಂತೆ ಕೂತಿರುವ ಹಬ್ಬು. ಅಪ್ಪನ ಜೀಪಿನ ಹಬ್ಬು ತಾನಾಗಿಯೇ ಹಿಡಿಯುವಂಥದ್ದು. ಅದರ ಮೇಲೆ ಅವರಿಗೆ ಎಲ್ಲಿಲ್ಲದ ಹೆಮ್ಮೆ.

ಆ ಹಬ್ಬುಗಳಿಗೂ ವಯಸ್ಸಾಯಿತು. ಆ ವರ್ಷದ ಮಳೆಗಾಲದಲ್ಲಿ ಮನಸ್ಸು ಬಂದರೆ ಹಿಡಿಯುವುದು, ಬಾರದಿದ್ದರೆ ಟಕಟಕ ಎಂದು ಹಲ್ಲು ಕಡಿದು ಬಿಟ್ಟುಬಿಡುವುದು. ಏರಿನಲ್ಲಿ ಜೀಪು ಒಂದು ಗೇಣು ಹಿಂದೆ ಜಾರಿತೋ, ಮುಗಿಯಿತು. ನರ್ಸಮ್ಮ ಮೊಣಕಾಲುದ್ದ ಕೆಸರಲ್ಲಿ ನಿಂತು ಜೀಪು ತಳ್ಳಿದರು. ಟೀಚರೊಬ್ಬರ ಚಪ್ಪಲಿ ಆ ಕೆಸರಿನಲ್ಲಿ ಇವತ್ತಿಗೂ ಇದೆ.

ಮೇಲಿನ ಊರಿನ ಪರವಾಗಿ ಗಾಡಿ ಗೊತ್ತು ಮಾಡುತ್ತಿದ್ದವನು ಅಲ್ಲಿನ ಅಂಗಡಿಯವನು. ಒಳ್ಳೆಯವನೇ, ಆದರೆ ಮಾತಿನಲ್ಲಿ ಬೆಣ್ಣೆ ಹಚ್ಚುವವನಲ್ಲ.

"ಜೀಪಕ್ಕ, ಬೇಜಾರು ಮಾಡ್ಕೋಬೇಡಿ. ಪೇಟೆಯವರೊಬ್ಬರು ಹೊಸ ಗಾಡಿ ಬಿಡ್ತೀನಿ ಅಂತಿದ್ದಾರೆ. ಶನಿವಾರ ನಿಮ್ಮ ಜೀಪು ತಳ್ಳಿಸ್ಕೊಳ್ಳದೆ ಮೇಲೆ ಬಂತೋ, ಈ ದಾರಿ ನಿಮ್ಮದೇ. ಇಲ್ಲಾಂದ್ರೆ ನಾನೇನೂ ಮಾಡೋಕಾಗಲ್ಲ."

"ಬರುತ್ತೆ ಬಿಡಣ್ಣ," ಎಂದಳು. ಹೇಗೆ ಬರುತ್ತದೆ ಎಂದು ಅವಳಿಗೇ ಗೊತ್ತಿರಲಿಲ್ಲ. ಆ ಏರು ಕೈತಪ್ಪಿದರೆ ಜೀಪು ಅಂಗಳದಲ್ಲಿ ಕೋಳಿ ಗೂಡಾಗುವುದು ಖಂಡಿತ. ಅವಳು ಮತ್ತೆ ದರ್ಜಿಯ ಹೆಂಡತಿ, ಅಷ್ಟೇ.

ಗಂಡನ ತಮ್ಮ ಬಸ್ ನಿಲ್ದಾಣದ ಹಿಂದೆ ಗ್ಯಾರೇಜು ಇಟ್ಟಿದ್ದ. ತಗಡಿನ ಮಾಡು, ಎಣ್ಣೆ ಕುಡಿದು ಕಪ್ಪಾದ ನೆಲ, ಗೋಡೆಯಲ್ಲಿ ಸ್ಪ್ಯಾನರುಗಳ ಸಾಲು. ಜೀಪಿನ ಮುಂದಿನ ಚಕ್ರಕ್ಕೆ ಕಿವಿಯಾನಿಸಿ, ತಿರುಗಿಸಿ ಕೇಳಿ, ಅವನು ಎದ್ದು ನಿಂತ.

"ಅತ್ತಿಗೆ, ಇದಕ್ಕೆ ರಿಪೇರಿ ಅನ್ನೋದು ಸುಮ್ಮನೆ ಮಾತು. ಕಿತ್ತು ಹಾಕಿ ಕೈಯಲ್ಲಿ ತಿರುಗಿಸೋ ಹಬ್ಬು ಕೂರಿಸೋಣ. ಅದರ ಹೊರಮುಖದಲ್ಲಿ ಬಿರಡೆ ಥರ ಒಂದು ನಾಬ್ ಇರುತ್ತೆ. ಏರಿನ ಬುಡದಲ್ಲಿ ಇಳಿದು ಎರಡೂ ಕಡೆ ತಿರುಗಿಸಿಬಿಟ್ರೆ ಆಯ್ತು. ನೀವು ಬಿಡೋವರೆಗೂ ಅದು ಬಿಡಲ್ಲ."

ಸ್ಟೂಲಿನ ಮೇಲೆ ಕೂತಿದ್ದ ಅಪ್ಪನಿಗೆ ಚುರುಕ್ಕೆಂದಿತು. "ಮಳೆಯಲ್ಲಿ ನೆನೀತಾ ಚಕ್ರ ಚಕ್ರಕ್ಕೂ ಇಳಿದು ನಮಸ್ಕಾರ ಹಾಕ್ಬೇಕಾ? ಮುಂದಕ್ಕೆ ಹೋಗ್ತೀರೋ, ಹಿಂದಕ್ಕೋ?"

"ಅಪ್ಪ, ಈಗ ಇಳಿದು ತಳ್ತಾ ಇದೀವಲ್ಲ, ಅದಕ್ಕೇನಂತೀಯ?"

"ಅದು ಮಳೆ ತಪ್ಪು."

"ಹೌದು ಮಾವ, ಮಳೆಗೊಂದು ಹೊಸ ಹಬ್ಬು ಹಾಕೋಣ," ಎಂದ ಮೈದುನ. ಜೀಪಕ್ಕ ನಗು ತಡೆಯಲಾರದೆ ಅತ್ತ ತಿರುಗಿದಳು. ಹಳೆಯ ಹಬ್ಬು ಕಳಚಿ ಗೋಣಿಚೀಲಕ್ಕೆ ಬಿದ್ದ ಸದ್ದು ಕೇಳಿದ್ದೇ ತಡ, ಅಪ್ಪ ಮುಖ ಊದಿಸಿಕೊಂಡು ಕೋಲೂರುತ್ತ ಮನೆಯ ದಾರಿ ಹಿಡಿದರು.

ಕೆಲಸ ನೋಡುತ್ತ ನಿಲ್ಲುವವಳಲ್ಲ ಅವಳು. ತಲೆಗೆ ಬಟ್ಟೆ ಬಿಗಿದು ತಾನೂ ಕೈ ಹಾಕಿದಳು. ಬೇರಿಂಗುಗಳನ್ನು ತೆಗೆದು ಸೀಮೆಎಣ್ಣೆಯಲ್ಲಿ ತೊಳೆದು, ಹೊಸ ಗ್ರೀಸನ್ನು ಅಂಗೈಯಲ್ಲಿಟ್ಟು ಸಂದು ಸಂದಿಗೂ ತುಂಬಿದಳು. ಹಬ್ಬಿನ ಒಳಗೂ ಹಾಗೇ ಮೆತ್ತಲು ಹೊರಟಾಗ ಮೈದುನ ಕೈ ಹಿಡಿದ.

"ಅಲ್ಲಿ ಬೇಡ ಅತ್ತಿಗೆ, ತೆಳ್ಳಗೆ ಸವರಿ ಸಾಕು. ಜಾಸ್ತಿಯಾದ್ರೆ ಚಳಿಗೆ ಗಟ್ಟಿಯಾಗಿ ನಾಬ್ ತಿರುಗಲ್ಲ."

ಬೇರಿಂಗಿನ ನಟ್ಟು ಬಿಗಿಯುವುದೇ ಒಂದು ಕಲೆ. ಹೆಚ್ಚು ಬಿಗಿದರೆ ಚಕ್ರ ಬಿಸಿಯಾಗುತ್ತದೆ, ಸಡಿಲ ಬಿಟ್ಟರೆ ಕುಣಿಯುತ್ತದೆ. ಮೈದುನ ಬಿಗಿದು, ಸ್ವಲ್ಪ ಬಿಟ್ಟು, ಚಕ್ರದ ಮೇಲೂ ಕೆಳಗೂ ಹಿಡಿದು ಅಲುಗಿಸಿ ನೋಡಿ, ಅವಳಿಗೂ ಅಲುಗಿಸಲು ಹೇಳಿದ. ಅದು ಹದವಾದ ಮೇಲೆ ಇನ್ನೊಂದು ನಟ್ಟು ಕೂರಿಸಿ ಮೊದಲಿನದು ಕದಲದಂತೆ ಮಾಡಿದ. ಕೊನೆಗೆ ನಾಬ್ ಇರುವ ಮುಚ್ಚಳ ಬಂತು. ಅವಳು ಜೀಪಿನ ಕೆಳಗೆ ಅಂಗಾತ ಮಲಗಿ ಆಕ್ಸಲ್ ಮೇಲೆ ಕೈಯಿಟ್ಟಳು. ನಾಬ್ ಬಿಟ್ಟಿದ್ದಾಗ ಚಕ್ರ ಗಾಳಿಯಲ್ಲಿ ಸುತ್ತಿತು, ಆಕ್ಸಲ್ ಕದಲಲಿಲ್ಲ. ಮೈದುನ ನಾಬನ್ನು ಬಲಕ್ಕೆ ತಿರುಗಿಸಿ ಲಾಕ್ ಮಾಡಿದ. ಈಗ ಚಕ್ರ ತಿರುಗಿದ ಹಾಗೆ ಆಕ್ಸಲ್ಲೂ ಅವಳ ಅಂಗೈಯಲ್ಲಿ ಉರುಳಿತು.

"ಹಿಡೀತು!" ಎಂದು ಕೆಳಗಿನಿಂದಲೇ ಕೂಗಿದಳು.

"ಎರಡೂ ಕಡೆ ಬಲಕ್ಕೇ ತಿರುಗಿಸ್ಬೇಕು, ನೆನಪಿರಲಿ. ಒಂದು ಕಡೆ ಬಿಟ್ಟಿದ್ರೂ ಮುಂದಿನ ಬಲವೆಲ್ಲ ಆ ಕಡೆಯ ಆಕ್ಸಲ್ ಸುಮ್ಮನೆ ಸುತ್ತೋದಕ್ಕೇ ಖರ್ಚು. ಗಾಡಿ ಒಂದು ಹೆಜ್ಜೆ ಹೋಗಲ್ಲ."

ಶನಿವಾರ ಹಿಂದಿನ ಸೀಟುಗಳಲ್ಲಿ ನರ್ಸಮ್ಮ, ಟೀಚರುಗಳು. ಮುಂದೆ ಎಡಗಡೆ, ಯಾರೂ ಕರೆಯದಿದ್ದರೂ, ಅಪ್ಪ. "ನಿನ್ನ ಬಿರಡೆ ಏನು ಮಾಡುತ್ತೋ ನೋಡೋಕೆ ಬಂದೆ," ಎಂದರು. ಅವರ ಕನ್ನಡಕ ಮನೆಯಲ್ಲೇ ಉಳಿದಿತ್ತು. ಏರಿನ ತುದಿಯಲ್ಲಿ ಅಂಗಡಿಯವನೂ ಊರಿನ ಹತ್ತಾರು ಮಂದಿಯೂ ಕೊಡೆ ಹಿಡಿದು ನಿಂತಿದ್ದರು.

ಏರಿನ ಬುಡದಲ್ಲಿ ಅವಳು ಇಳಿದು ಬಲಗಡೆಯ ನಾಬ್ ತಿರುಗಿಸಿದಳು, ಬಾನೆಟ್ಟಿನ ಮುಂದೆ ಹಾದು ಹೋಗಿ ಎಡಗಡೆಯದನ್ನೂ ತಿರುಗಿಸಿ ಬಂದು ಕೂತಳು. ಅಷ್ಟರಲ್ಲಿ ಅಪ್ಪ, "ತಡಿ, ಟೈರು ನೋಡ್ತೀನಿ," ಎಂದು ಇಳಿದು, ಬಗ್ಗಿ, ಏದುಸಿರು ಬಿಡುತ್ತ ಮತ್ತೆ ಹತ್ತಿದರು. ಅವರ ಮುಖದಲ್ಲಿ ಏನೋ ಒಳ್ಳೆಯ ಕೆಲಸ ಮಾಡಿದ ಕಳೆ ಇತ್ತು. ಅವಳ ಕಣ್ಣು ದಾರಿಯ ಮೇಲಿತ್ತು. ಸನ್ನೆಕೋಲು ಎಳೆದು ಜೀಪು ಬಿಟ್ಟಳು.

ಅರ್ಧ ಏರು ಹತ್ತಿತು. ಬಂಡೆಯ ಪಕ್ಕಕ್ಕೆ ಬಂದದ್ದೇ ಹಿಂದಿನ ಚಕ್ರಗಳು ಮಣ್ಣು ಎರಚತೊಡಗಿದವು, ಜೀಪು ನಿಂತಲ್ಲೇ ನಿಂತಿತು. ಮೇಲಿನಿಂದ ಯಾರೋ "ಆಯ್ತು ಬಿಡ್ರಪ್ಪ!" ಎಂದದ್ದು ಕೇಳಿತು. ನರ್ಸಮ್ಮ ಆಗಲೇ ಚಪ್ಪಲಿ ಬಿಚ್ಚುತ್ತಿದ್ದರು.

"ಯಾರೂ ಇಳೀಬೇಡಿ," ಎಂದು ಹೇಳಿ ಬ್ರೇಕು ಬಿಗಿದು, ಗೇರಿನಲ್ಲಿಟ್ಟು, ಅವಳು ಕೆಳಗಿಳಿದಳು. ಹಿಂದಿನ ಚಕ್ರಗಳು ಗುಂಡಿ ತೋಡಿದ್ದವು. ಮುಂದಿನ ಚಕ್ರಗಳ ಕೆಳಗೆ ಮಣ್ಣು ಕೆದರಿಯೇ ಇರಲಿಲ್ಲ. ಅಂದರೆ ಮುಂದಿನವು ಎಳೆದೇ ಇಲ್ಲ. ಬಲಗಡೆಯ ನಾಬ್ ಲಾಕಿನಲ್ಲೇ ಇತ್ತು. ಎಡಗಡೆಗೆ ಹೋಗಿ ನಾಬಿನ ಮೇಲಿನ ಕೆಸರು ಒರೆಸಿದಳು. ಲಾಕು ಬಿಟ್ಟಿತ್ತು. ತಾನೇ ಮರೆತೆನೇ? ಇಲ್ಲ, ತಿರುಗಿಸಿದ್ದು ಬೆರಳುಗಳಿಗೆ ನೆನಪಿದೆ. ತಲೆಯೆತ್ತಿದಳು. ಅಪ್ಪ ಕಿಟಕಿಯಿಂದ ಬಗ್ಗಿ ಪಿಸುಗುಟ್ಟಿದರು:

"ನಾನು ಸರಿ ಮಾಡಿದ್ದೀನಿ ಕಣಮ್ಮ. ಎಡಗಡೆದನ್ನೂ ಬಲಕ್ಕೇ ತಿರುಗಿಸಿಬಿಟ್ಟಿದ್ದೆ ನೀನು. ಎಡಗಡೆ ಚಕ್ರದ್ದೆಲ್ಲ ಉಲ್ಟಾ ಅಲ್ವಾ? ಅಷ್ಟು ಜನರ ಮುಂದೆ ಹೇಳೋದು ಬೇಡ ಅಂತ ಸುಮ್ಮನಿದ್ದೆ."

ಅವಳಿಗೆ ಎಲ್ಲ ಅರ್ಥವಾಯಿತು. ಅಪ್ಪನ ಲಾರಿಯಲ್ಲಿ ಎಡಗಡೆ ಚಕ್ರದ ನಟ್ಟುಗಳು ಬಿಗಿಯುವುದು ಎಡಕ್ಕೆ, ಬಿಚ್ಚುವುದು ಬಲಕ್ಕೆ. ಜೀವಮಾನವೆಲ್ಲ ಮೈಯಲ್ಲಿ ಇಳಿದಿದ್ದ ಆ ಲೆಕ್ಕವನ್ನೇ ಅವರು ನಾಬಿಗೂ ಹಾಕಿದ್ದರು. ಮಗಳ ಮರ್ಯಾದೆ ಉಳಿಸಲು ಗುಟ್ಟಾಗಿ ಇಳಿದು, ನೋಯುವ ಸೊಂಟ ಬಗ್ಗಿಸಿ, ಅವಳ ದಾರಿಗೇ ಕಲ್ಲು ಹಾಕಿದ್ದರು.

ರೇಗುವ ಹೊತ್ತು ಅದಲ್ಲ. ನಾಬನ್ನು ಬಲಕ್ಕೆ ತಿರುಗಿಸಿ, ಕೂತಿತೋ ಇಲ್ಲವೋ ಎಂದು ಹೆಬ್ಬೆರಳಿನಿಂದ ಒತ್ತಿ ನೋಡಿದಳು. "ಅಪ್ಪ, ಇದಕ್ಕೆ ಎರಡೂ ಕಡೆ ಒಂದೇ," ಎಂದಳು ಮೆಲ್ಲಗೆ, ಅವರೊಬ್ಬರಿಗೇ ಕೇಳುವಷ್ಟು. ಅಪ್ಪನ ಮುಖ ಸಣ್ಣದಾಯಿತು.

"ಏನಾಯ್ತು ಜೀಪಕ್ಕ? ತಳ್ಳೋಕೆ ಬರೋಣ್ವಾ?" ಅಂಗಡಿಯವನು ಮೇಲಿನಿಂದ ಕೂಗಿದ.

"ಒಂದು ನಾಬ್ ಕೂತಿರಲಿಲ್ಲ ಅಣ್ಣ. ದಾರಿ ಬಿಟ್ಟು ನಿಂತ್ಕೊಳ್ಳಿ, ಸಾಕು!"

ಗುಂಡಿಯಿಂದ ಹೊರಬರಲು ಜೀಪನ್ನು ಮೊದಲು ಹಿಂದಕ್ಕೆ ಬಿಡಬೇಕಿತ್ತು. ಹಳೆಯ ಹಬ್ಬು ಕೈಬಿಡುತ್ತಿದ್ದದ್ದು ಹಾಗೆ ಹಿಂದೆ ಸರಿದಾಗಲೇ. ಬ್ರೇಕಿನ ಮೇಲೆ ಕಾಲಿಟ್ಟು ಒಂದು ಮಾರು ಹಿಂದೆ ಬಿಟ್ಟಳು. ಮತ್ತೆ ಮುಂದಿನ ಗೇರು. ಕ್ಲಚ್ಚು ಮೆಲ್ಲಗೆ ಬಿಟ್ಟಾಗ ಸ್ಟಿಯರಿಂಗು ಅವಳ ಕೈಯಲ್ಲಿ ಬಿಗಿಯಾಯಿತು, ಜೀಪಿನ ಮೂಗು ಒಮ್ಮೆ ಎದ್ದು ಕೂತಿತು. ಮುಂದಿನ ಚಕ್ರಗಳು ಜೇಡಿಮಣ್ಣನ್ನು ಕಚ್ಚಿ ಹಿಡಿದು ಮೇಲಕ್ಕೆಳೆದವು. ಜಾರಲಿಲ್ಲ, ಟಕಟಕ ಎನ್ನಲಿಲ್ಲ. ಬಂಡೆ ಹಿಂದಾಯಿತು. ಕೊಡೆ ಹಿಡಿದವರು ಎರಡು ಬದಿಗೂ ಸರಿದರು. ಟೀಚರುಗಳು ಚಿಕ್ಕ ಮಕ್ಕಳಂತೆ ಜೋರಾಗಿ ಚಪ್ಪಾಳೆ ಹೊಡೆದರು. ಸಮತಟ್ಟಿನಲ್ಲಿ ಜೀಪು ನಿಲ್ಲಿಸಿ ಅವಳು ಬ್ರೇಕು ಬಿಗಿದಳು.

ಅಂಗಡಿಯವನು ಬಂದು ಬಾನೆಟ್ಟು ತಟ್ಟಿದ. "ಪೇಟೆಯವರಿಗೆ ಬೇಡ ಅಂತ ಹೇಳಿ ಕಳಿಸ್ತೀನಿ. ಸೋಮವಾರ ಮಾಮೂಲಿ ಹೊತ್ತಿಗೆ ಬನ್ನಿ. ಆದ್ರೂ ನಡುವೆ ಯಾಕೆ ನಿಂತಿತ್ತು?"

ಅವಳು ಏನೋ ಹೇಳಿ ಹಾರಿಸಲು ನೋಡಿದಳು. ಅಪ್ಪ ಬಿಡಲಿಲ್ಲ. ಕೋಲೂರಿ ಇಳಿದು, ಎಲ್ಲರೆದುರು ಗಂಟಲು ಸರಿಮಾಡಿಕೊಂಡರು.

"ನಿಲ್ಲಿಸಿದ್ದು ನಾನಯ್ಯ! ಅವಳು ಸರಿಯಾಗೇ ಹಾಕಿದ್ಲು, ನಾನು ದೊಡ್ಡ ಬುದ್ಧಿವಂತ ಅಂತ ಬಿಚ್ಚಿದೆ. ನಡು ಏರಲ್ಲಿ ನಿಂತ ಗಾಡೀನ ಹಿಂದಕ್ಕೆ ಬಿಟ್ಟು ಮೇಲಕ್ಕೆ ತಂದ್ಲಲ್ಲ, ಅದು ನನ್ನ ಕೈಯಲ್ಲೂ ಆಗ್ತಿರಲಿಲ್ಲ. ಲಾರಿ ಓಡಿಸಿದವನು ಹೇಳ್ತಾ ಇದೀನಿ."

ಅಪ್ಪನ ಬಾಯಲ್ಲಿ ಅಂಥ ಮಾತು ಅವಳು ಹಿಂದೆಂದೂ ಕೇಳಿರಲಿಲ್ಲ. ಬೆನ್ನು ತಿರುಗಿಸಿ ಔಷಧಿ ಪೆಟ್ಟಿಗೆ ಇಳಿಸತೊಡಗಿದಳು.

ಆಮೇಲೆ ಆ ದಾರಿಯನ್ನು ಯಾರೂ ಅವಳಿಂದ ಕಿತ್ತುಕೊಳ್ಳಲಿಲ್ಲ. ಕೂದಲು ಪೂರ್ತಿ ಬೆಳ್ಳಗಾಗುವವರೆಗೂ ಓಡಿಸಿದಳು. ಮುಂದಿನ ಸೀಟಿನಲ್ಲಿ ಕೂತವರು ಏರಿನ ಬುಡದಲ್ಲಿ ಇಳಿದು ಎಡಗಡೆಯ ನಾಬ್ ತಿರುಗಿಸಬೇಕು, ಅದು ಅವಳ ಜೀಪಿನ ಕಾನೂನು. ನರ್ಸಮ್ಮನೂ ತಿರುಗಿಸಿದರು, ಅಂಗಡಿಯವನೂ ತಿರುಗಿಸಿದ. ಅಪ್ಪ ಇರುವವರೆಗೆ ಆ ಶನಿವಾರದ ಕಥೆಯನ್ನು ಬಸ್ ನಿಲ್ದಾಣದ ಬೆಂಚಿನ ಮೇಲೆ ಕೂತು ಸಿಕ್ಕಸಿಕ್ಕವರಿಗೆಲ್ಲ ಹೇಳಿದರು. ಹೇಳಿದ ಹಾಗೆಲ್ಲ ಏರು ಕಡಿದಾಯಿತು, ಮಳೆ ಜೋರಾಯಿತು, ಒಂದು ಮಾರು ಹಿಂದೆ ಹೋದ ಜೀಪು ಪ್ರಪಾತದ ಅಂಚಿಗೇ ಹೋಗಿ ಬಂತು. ಜೀಪಕ್ಕ ಪಕ್ಕದಲ್ಲೇ ಟೈರಿಗೆ ಗಾಳಿ ಹಾಕುತ್ತ ನಿಂತಿದ್ದರೂ ಒಂದು ಸಲವೂ ತಿದ್ದಲಿಲ್ಲ.