ಎರಡು ಸಿರಪ್ಪಿನ ನಿದ್ದೆ

ನಮ್ಮ ಕಡೆ ಒಬ್ಬ ಡಾಕ್ಟರ ಮುಂದೆ ಇನ್ನೊಬ್ಬ ಡಾಕ್ಟರ ಹೆಸರು ಎತ್ತುವುದಿಲ್ಲ, ಬೇಜಾರು ಮಾಡಿಕೊಳ್ಳುತ್ತಾರೆ ಅಂತ. ಮಗನಿಗೆ ನೆಗಡಿಯಾದಾಗ ಕೋಲಾರದಲ್ಲಿ ಒಂದು ಸಿರಪ್ ಕೊಟ್ಟರು, ಯಲ್ದೂರಿನಲ್ಲಿ ಇನ್ನೊಂದು. ಅತ್ತೆ ಎರಡನ್ನೂ ಕುಡಿಸಿದರು. ಮೂಗು ಸೋರುವುದು ನಿಂತಿತು, ಮಗು ಕಣ್ಣು ಬಿಡುವುದೂ ನಿಂತಿತು.

ಮತ್ತೆ ಯಲ್ದೂರಿನ ಕ್ಲಿನಿಕ್ಕಿಗೆ ಓಡಿದೆವು. ಕಿಟಕಿಯಿಂದ ಮಾವಿನ ಹೂವಿನ ವಾಸನೆ ತೇಲಿ ಬರುತ್ತಿತ್ತು. ಫ್ಯಾನು ನಿಧಾನಕ್ಕೆ ತಿರುಗುತ್ತಿತ್ತು. ಹೆಗಲ ಮೇಲೆ ಮಲಗಿದವನ ನಿದ್ದೆಯೊಳಕ್ಕೆ ನಾನೂ ಇಳಿದು, ಕೈ ಹಿಡಿದು ಕರೆತರಬೇಕು ಅನ್ನಿಸುತ್ತಿತ್ತು.

"ಬೇರೆ ಔಷಧಿ ಏನಾದ್ರೂ ಕೊಟ್ರಾ?" ಡಾಕ್ಟರು ಕೇಳಿದರು.

"ಅಯ್ಯೋ, ನೀವೇ ನಮ್ಮ ದೇವ್ರು ಸಾರ್. ಬೇರೆಯವರ ಹತ್ರ ಯಾಕೆ ಹೋಗ್ತೀವಿ?" ಅಂದರು ಅತ್ತೆ.

"ಕೋಲಾರದ ದೇವ್ರ ಹತ್ರಾನೂ ಹೋಗಿದ್ವಿ ಸಾರ್," ಅಂದೆ. ಅತ್ತೆ ಚಿವುಟಿದರು.

ಡಾಕ್ಟರು ಬೈಯಲಿಲ್ಲ. ಮಗುವನ್ನು ನೋಡಿ, ಕೋಲಾರದ ಕ್ಲಿನಿಕ್ಕಿಗೆ ಫೋನ್ ಮಾಡಿದರು. ಆ ಕಡೆಯ ಹುಡುಗಿ, "ಟೋಕನ್ ತಗೊಂಡು ಬನ್ನಿ," ಅಂದಳು.

"ನಾನೂ ಡಾಕ್ಟರೇ ಕಣಮ್ಮ."

"ಯಾರೇ ಆದ್ರೂ ಟೋಕನ್ ತಗೊಳ್ಳೇಬೇಕು."

ನಾನು ಫೋನಿಗೆ ಬಾಯಿ ಹಾಕಿದೆ. "ಇಲ್ಲಿ ಮಗು ಏಳ್ತಿಲ್ಲ. ನೀನಾದ್ರೂ ಎದ್ದು ಅವರಿಗೆ ಫೋನ್ ಕೊಡು ತಾಯಿ!"

ಇಬ್ಬರು ಡಾಕ್ಟರೂ ಮಾತಾಡಿದರು. ಸಿರಪ್ಪುಗಳ ಹೆಸರು ಬೇರೆ, ಒಳಗಿನ ಮದ್ದು ಒಂದೇ, ನಿದ್ದೆ ಬರಿಸುವಂಥದ್ದು. ಯಲ್ದೂರಿನ ಡಾಕ್ಟರು ಎರಡನ್ನೂ ನಿಲ್ಲಿಸಿ, ಮಗುವನ್ನು ಅಲ್ಲೇ ಮಲಗಿಸಿಕೊಂಡು ನೋಡುತ್ತಿದ್ದರು. ಸಂಜೆ ಬಿಸಿಲು ಹಾಸಿಗೆ ಮೇಲೆ ಬಿದ್ದಾಗ ಮಗ ಕಣ್ಣು ಬಿಟ್ಟು, "ಅಮ್ಮ, ಹಸಿವು," ಅಂದ.

ವಾಪಸ್ಸು ಬರುವ ಬಸ್ಸಿನಲ್ಲಿ ಅತ್ತೆಯ ಮುಖ ಇನ್ನೂ ಊದಿತ್ತು. "ಇಬ್ಬರೂ ಫೋನಲ್ಲಿ ಮಾತಾಡ್ಕೊಂಡು ಒಂದೇ ಔಷಧಿ ಹೇಳೋದಾದ್ರೆ, ಇನ್ನೊಬ್ಬರ ಹತ್ರ ಹೋಗಿ ಏನು ಉಪಯೋಗ ಕಣೇ?"