ಬೂಟಿನೊಳಗೆ ಅವ್ವ ಹೊಲಿದ ಮೆತ್ತೆ

ಮೊದಲು ರಕ್ತ ನೋಡಿದ್ದು ನನ್ನ ಹೆಂಡತಿ ಸುವರ್ಣಾ. ಆಗಷ್ಟೇ ಒರೆಸಿದ ನೆಲದ ಮೇಲೆ, ಬಾಗಿಲಿನಿಂದ ಅಡುಗೆಮನೆಯ ತನಕ, ಹೆಜ್ಜೆಗೊಂದರಂತೆ ಕೆಂಪು ಕಲೆ.

"ಯಾರ ಕಾಲಿಗೆ ಏನಾಗೇತಿ?" ಎಂದು ಕೂಗಿದಳು.

ನಾನು ಬೆಳಗಿನ ವಾಕಿಂಗ್ ಮುಗಿಸಿ, ಬೂಟು ಹೊರಗೆ ಬಿಟ್ಟು, ಕಾಲುಚೀಲದಲ್ಲೇ ಒಳಗೆ ಬಂದು ನೀರು ಕುಡಿಯುತ್ತಿದ್ದೆ. ಲೋಟ ಇಟ್ಟು ನಾನೂ ಹುಡುಕಲು ಹೊರಟೆ. ಸುವರ್ಣಾಳ ಕಾಲು ನೋಡಿದೆ. ಅವ್ವನ ಕಾಲು ನೋಡಿದೆ. ಗಾಯಗೊಂಡ ಬೆಕ್ಕು ಬಂದಿರಬೇಕೆಂದು ಬಾಲ್ಕನಿಗೂ ಹೋಗಿ ಬಂದೆ. ನಾನು ಹೋದಲ್ಲೆಲ್ಲ ಕಲೆ ಹೆಚ್ಚುತ್ತಿತ್ತು.

ರಕ್ತ ನನ್ನದೇ.

ಬಲಗಾಲಿನ ಕಾಲುಚೀಲ ಬಿಚ್ಚಿದರೆ ಅಂಗಾಲಿನಲ್ಲಿ, ಹೆಬ್ಬೆರಳಿನ ಬುಡಕ್ಕೆ, ಹುಣಸೆಬೀಜದಷ್ಟು ಗುಂಡಿ. ನೋವು ಸ್ವಲ್ಪವೂ ಇರಲಿಲ್ಲ. ಅದನ್ನು ದೊಡ್ಡ ಗಂಡಸಿನ ಹಾಗೆ ಹೇಳಿಕೊಂಡೆ ಕೂಡ. "ಏನಿಲ್ಲ ಬಿಡು, ನೋವೇ ಇಲ್ಲ." ಆ ಮಾತು ನೆನೆದರೆ ಈಗ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ. ನೋವಿಲ್ಲದ್ದೇ ಕಾಯಿಲೆ ಎಂದು ಯಾರಿಗೆ ಗೊತ್ತಿತ್ತು.

ನಮ್ಮದು ಬಾಗಲಕೋಟೆ ಕಡೆಯ ಮನೆತನ. ನಾನು ಯಲಹಂಕಕ್ಕೆ ಬಂದು ಇಪ್ಪತ್ತಾರು ವರ್ಷವಾಯಿತು. ಒಂದೇ ಕಾರ್ಖಾನೆಯಲ್ಲಿ ಸ್ಟೋರ್ಸ್ ನೋಡಿಕೊಳ್ಳುತ್ತೇನೆ. ಸಕ್ಕರೆ ಕಾಯಿಲೆಗೆ ಹನ್ನೊಂದು ವರ್ಷ. ನಡೆಯಿರಿ ಎಂದು ಡಾಕ್ಟರ್ ಹೇಳಿದ ದಿನದಿಂದ ಕೆರೆಯ ಸುತ್ತ ನಡೆಯುತ್ತ ಬಂದಿದ್ದೇನೆ. ಅದಕ್ಕೆಂದೇ ಕೊಂಡ ಬೂಟು, ತೊಗಲಿನದು, ಕಣಕಾಲಿನ ತನಕ ಬರುತ್ತದೆ. ಭಾನುವಾರ ಅದಕ್ಕೆ ಪಾಲಿಶ್ ಹಾಕುತ್ತ ಕೂತರೆ ಸುವರ್ಣಾ, "ನನ್ನ ಮದುವಿ ಸೀರಿಗೂ ಇಷ್ಟು ಉಪಚಾರ ಇಲ್ಲ," ಎಂದು ಚುಡಾಯಿಸುತ್ತಾಳೆ.

ಮೇಲೆ ಗಟ್ಟಿಯಿದ್ದರೂ ಎರಡು ವರ್ಷಕ್ಕೆ ಒಳಗಿನ ಮೆತ್ತೆ, ಅಂಗಡಿಯವರು ಇನ್‌ಸೋಲ್ ಅನ್ನುತ್ತಾರಲ್ಲ, ಅದು ಹಪ್ಪಳವಾಯಿತು. ಹೊಸದು ತರಲು ಮೂರು ಸಲ ಅಂಗಡಿಗೆ ಹೋದೆ. ಜೆಲ್ ಇದ್ದದ್ದು, ಫೋಮ್ ಇದ್ದದ್ದು, ನಡುವೆ ಉಬ್ಬು ಇದ್ದದ್ದು. ಯಾವುದು ನನ್ನ ಬೂಟಿಗೆ ಸರಿ ಎಂದು ಅಂಗಡಿಯವನಿಗೂ ತಿಳಿಯದು. ಖಾತ್ರಿಯಿಲ್ಲದ ಮಾಲನ್ನು ಒಳಗೆ ಬಿಟ್ಟುಕೊಂಡು ನನಗೆ ಅಭ್ಯಾಸವಿಲ್ಲ. ಮೂರು ಸಲವೂ ಬರಿಗೈಲಿ ಬಂದೆ.

ಇದನ್ನೆಲ್ಲ ನೋಡುತ್ತಿದ್ದ ಅವ್ವ ಒಂದು ದಿನ ಹಳೆಯ ಮೆತ್ತೆಯನ್ನು ಪೇಪರ್ ಮೇಲಿಟ್ಟು ಅಳತೆ ತೆಗೆದಳು. ಎಂಬತ್ತು ದಾಟಿದೆ, ಕಣ್ಣು ಮಂಜು, ಆದರೂ ಬೆರಳಿನ ಅಂದಾಜಿನಲ್ಲೇ ಹೊಲಿಯುತ್ತಾಳೆ. ಹಳೇ ಸೀರೆಗಳನ್ನು ಪದರ ಪದರವಾಗಿ ಇಟ್ಟು ಕೌದಿ ಹೊಲಿಯುವುದರಲ್ಲಿ ನಮ್ಮೂರಲ್ಲಿ ಅವಳದು ಹೆಸರಾದ ಕೈ. ನಾಲ್ಕೇ ದಿನದಲ್ಲಿ ಬೂಟಿನ ಅಳತೆಯ ಎರಡು ಪುಟ್ಟ ಕೌದಿ ಸಿದ್ಧವಾದವು. ತನ್ನದೇ ಸೀರೆ ಹರಿದು ಹೊಲಿದಿದ್ದಳು.

"ಯವ್ವಾ, ನಿನ್ನ ಸೀರಿ ತುಳೀಬೇಕೇನು ನಾನು?" ಅಂದೆ.

"ಹೊಟ್ಟ್ಯಾಗಿದ್ದಾಗ ಒದ್ದಾಂವ ನೀ. ಸೀರಿ ತುಳದ್ರ ಏನಾತು?"

ಹಾಕಿಕೊಂಡೆ. ಮೆತ್ತಗಿತ್ತು ಅನ್ನಿಸಿತು. ಅಥವಾ ಮೆತ್ತಗಿರಬೇಕು ಎಂದುಕೊಂಡೆ. ಈಗ ಯೋಚಿಸಿದರೆ, ಆಗಲೇ ನನ್ನ ಅಂಗಾಲಿಗೆ ಮೆತ್ತಗೂ ಒಂದೇ, ಗಡುಸೂ ಒಂದೇ ಆಗಿರಬೇಕು.

ರಕ್ತ ಕಂಡ ದಿನವೇ, ಹೆಬ್ಬಾಳದ ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಒಂದು ನೈಲಾನ್ ಎಳೆ ಹಿಡಿದು ನನ್ನ ಕಾಲಿನ ಅಲ್ಲಲ್ಲಿ ಒತ್ತಿದರು. "ಕಣ್ಣು ಮುಚ್ಕೊಳ್ಳಿ ಸರ್. ತಾಗಿದಾಗೆಲ್ಲ ಹೂಂ ಅನ್ನಿ."

ನಾನು ಕಣ್ಣು ಮುಚ್ಚಿ ಕಾದೆ. ಇನ್ನೂ ಶುರು ಮಾಡಿಲ್ಲವೇನೋ ಎಂದುಕೊಂಡೆ.

"ಆಯ್ತು, ಕಣ್ಣು ತೆಗೀರಿ," ಅಂದರು.

ಡಯಾಬಿಟಿಕ್ ನ್ಯೂರೋಪತಿ, ಸಕ್ಕರೆಯಿಂದ ಕಾಲಿನ ನರ ಸತ್ತಿವೆ ಅಂದರು. ಗಾಯಕ್ಕೆ ಅಲ್ಸರ್ ಎಂಬ ಹೆಸರು. ಸತ್ತ ಚರ್ಮವನ್ನು ಕೆತ್ತಿ ತೆಗೆಯುವುದಕ್ಕೆ ಡಿಬ್ರೈಡ್‌ಮೆಂಟ್ ಅಂದರು. ಅನಸ್ತೇಷಿಯಾ ಕೊಡುತ್ತೀರಾ ಎಂದು ಕೇಳಿದೆ. "ಬೇಕಾಗಲ್ಲ ಸರ್," ಅಂದರು. ನಿಜವಾಗಿ ಬೇಕಾಗಲಿಲ್ಲ. ನನ್ನ ಕಾಲನ್ನು ಬ್ಲೇಡಿನಿಂದ ಕೆತ್ತುವುದನ್ನು ನಾನು ಎದ್ದು ಕೂತು ನೋಡಿದೆ. ಸುವರ್ಣಾ ಗೋಡೆಯ ಕಡೆ ತಿರುಗಿ ನಿಂತಿದ್ದಳು. ಎಕ್ಸ್‌ರೇಯಲ್ಲಿ ಮೂಳೆಗೆ ಏನೂ ಆಗಿರಲಿಲ್ಲ. ಇನ್ನು ಹದಿನೈದು ದಿನ ತಡವಾಗಿದ್ದರೆ ಬೆರಳು ಉಳಿಯುತ್ತಿತ್ತೋ ಇಲ್ಲವೋ ಅಂದರು ಡಾಕ್ಟರಮ್ಮ, ದನಿ ಏರಿಸದೆ.

ಮುಂದಿನ ಡ್ರೆಸ್ಸಿಂಗಿಗೆ ಬೂಟು ತರಲು ಹೇಳಿದ್ದರು. ತಂದೆ. ಅವರು ಬೂಟಿನೊಳಗೆ ಕೈ ಹಾಕಿ ತಡವಿದರು. ಅವ್ವನ ಮೆತ್ತೆಯನ್ನು ಹೊರಗೆಳೆದು ಬೆಳಕಿಗೆ ಹಿಡಿದರು.

"ಇದೇನ್ ಸರ್ ಇಲ್ಲಿ?"

ದಾರದ ಗಂಟು.

ಕೌದಿ ಹೊಲಿಯುವವರು ಗಂಟನ್ನು ಪದರದೊಳಗೆ ಅಡಗಿಸುತ್ತಾರೆ. ಅವ್ವನೂ ಅಡಗಿಸಿದ್ದಳು. ನಡೆದು ನಡೆದು ಮೇಲಿನ ಬಟ್ಟೆ ಸವೆದು ಗಂಟು ಹೊರಗೆ ಬಂದಿತ್ತು. ಒಣಗಿ, ಗಟ್ಟಿಯಾಗಿ, ಮೆಣಸಿನಕಾಳಿನಷ್ಟು. ಬೇರೆಯವರಾಗಿದ್ದರೆ ಎರಡನೇ ಹೆಜ್ಜೆಗೇ ಬೂಟು ಬಿಚ್ಚಿ ನೋಡುತ್ತಿದ್ದರು. ನಾನು ಅದರ ಮೇಲೆ ಎಷ್ಟು ದಿನ ಕೆರೆ ಸುತ್ತಿದೆನೋ ಗೊತ್ತಿಲ್ಲ.

ನಾನೂ ಸುವರ್ಣಾಳೂ ಮುಖ ಮುಖ ನೋಡಿಕೊಂಡೆವು. ಆ ಮೆತ್ತೆಗಳನ್ನು ಆಸ್ಪತ್ರೆಯ ಕಸದ ಡಬ್ಬಿಗೆ ಹಾಕಿದೆವು. ಮನೆಗೆ ಬಂದು ಅವ್ವನಿಗೆ, ಸಕ್ಕರೆ ಹೆಚ್ಚಾಗಿ ಗಾಯವಾಗಿದೆ ಅಂದೆವು. ಅದೇನೂ ಪೂರ್ತಿ ಸುಳ್ಳಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಏಳು ವಾರ ಕಾಲು ನೆಲಕ್ಕೆ ಊರುವ ಹಾಗಿರಲಿಲ್ಲ. ಕುರ್ಚಿ, ಎದುರಿಗೊಂದು ಸ್ಟೂಲು, ಅದರ ಮೇಲೆ ದಿಂಬು, ದಿಂಬಿನ ಮೇಲೆ ಕಾಲು. ಬಾತ್‌ರೂಮಿಗೆ ವಾಕರ್. ಸುವರ್ಣಾ ತಾನು ಕಲಿಸುವ ಶಾಲೆಗೆ ಹೋಗುವ ಮೊದಲು ಡ್ರೆಸ್ಸಿಂಗ್ ಬದಲಿಸಿ, ನನ್ನ ಇನ್ಸುಲಿನ್ ನೋಡಿ, ಅವ್ವನಿಗೆ ರೊಟ್ಟಿ ಮಾಡಿಟ್ಟು ಓಡುತ್ತಿದ್ದಳು. ಆಮೇಲೆ ದಿನವಿಡೀ ಮನೆಯಲ್ಲಿ ನಾವಿಬ್ಬರೇ, ಅವ್ವ ಮತ್ತು ನಾನು. ಊರು ಬಿಟ್ಟ ಮೇಲೆ ಅವಳ ಜೊತೆ ಅಷ್ಟು ಹೊತ್ತು ಕೂತದ್ದೇ ಇರಲಿಲ್ಲ.

ಎರಡನೇ ವಾರಕ್ಕೆ ಅವ್ವ ಮತ್ತೆ ಸೂಜಿ ದಾರ ತೆಗೆದಳು.

"ಮೊದಲಿನ ಮೆತ್ತಿ ತೆಳ್ಳಗಾಗಿತ್ತು ಕಾಣತೈತಿ. ಈ ಸಲ ದಪ್ಪ ಹೊಲೀತೀನಿ. ನಿನ್ನ ಕಾಲಿಗೆ ಹಾಸಿಗಿ ಆಗಬೇಕು, ಹಂಗ."

ನಾನು ಹೂಂ ಅಂದೆ. ಎದುರಿಗೇ ಕೂತು, ಈ ಸಲ ಅವಸರವಿಲ್ಲದೆ, ದಿನಕ್ಕೊಂದು ಸಾಲಿನಂತೆ ಹೊಲಿಯುತ್ತಿದ್ದಳು. ದಾರ ಪೋಣಿಸಲು ನನ್ನ ಕೈಗೇ ಕೊಡುತ್ತಿದ್ದಳು. ಪೋಣಿಸಿ ಕೊಡುತ್ತಿದ್ದೆ. ದಾರದ ತುದಿಗೆ ಗಂಟು ಹಾಕುವಾಗ ಮಾತ್ರ ಕಿಟಕಿಯ ಆಚೆ ನೋಡುತ್ತಿದ್ದೆ.

ಏಳನೇ ವಾರ ಡಾಕ್ಟರಮ್ಮ ಗಾಯ ಮುಚ್ಚಿದೆ ಅಂದರು. "ಬೂಟ್ ಅಗಲ ಇದೆ, ಅದನ್ನೇ ಹಾಕ್ಕೊಳ್ಳಿ. ಆದ್ರೆ ಒಳಗೆ ನಿಮ್ಮ ಕಾಲಿನ ಅಚ್ಚು ತೆಗೆದು ಮಾಡಿದ ಇನ್‌ಸೋಲ್ ಬೇಕು. ಮನೆಯಲ್ಲಿ ಮಾಡಿದ್ದು ಬೇಡ ಸರ್." ಚೀಟಿ ಬರೆದುಕೊಟ್ಟರು.

ಚೀಟಿ ಜೇಬಿನಲ್ಲೇ ಉಳಿಯಿತು. ಹತ್ತು ದಿನ. ಒಂದು ಜೊತೆ ಮೆತ್ತೆ ಕೊಳ್ಳುವುದು ಎಷ್ಟರ ಮಾತು! ಆದರೆ ಕೊಂಡರೆ ಅವ್ವನದನ್ನು ಯಾಕೆ ಹಾಕಲಿಲ್ಲ ಎಂದು ಹೇಳಬೇಕು. ಹೇಳಿದರೆ, ಮಗನ ಕಾಲು ತೂತು ಮಾಡಿದ್ದು ತನ್ನ ಕೈಯೇ ಎಂದು ಎಂಬತ್ತು ದಾಟಿದ ಜೀವ ತಿಳಿದುಕೊಳ್ಳಬೇಕು. ಹೇಳದೆ ಅವಳದನ್ನೇ ಹಾಕಿದರೆ ನನ್ನ ಬೆರಳು ಹೋಗಬಹುದು. ನಾನೊಂದು ಉಪಾಯ ಮಾಡಿದೆ. ಹೊಸ ಇನ್‌ಸೋಲನ್ನು ಕೆಳಗೆ ಸೆಕ್ಯುರಿಟಿಯವರ ಬಳಿ ಇಟ್ಟಿರುವುದು. ಅವ್ವನದನ್ನು ಹಾಕಿಕೊಂಡು ಮನೆಯಿಂದ ಇಳಿಯುವುದು, ಕೆಳಗೆ ಬದಲಿಸುವುದು, ಬರುವಾಗ ಮತ್ತೆ ಬದಲಿಸುವುದು.

ಸುವರ್ಣಾ ಪೂರ್ತಿ ಕೇಳಿಸಿಕೊಂಡಳು. "ಕಾಲೂ ನಿಮ್ದು, ಸುಳ್ಳೂ ನಿಮ್ದು. ದಿನಾ ಮೆಟ್ಟಲದಾಗ ಕುಂತು ಬೂಟು ಬಿಚ್ಚೂದು ಒಳ್ಳೇ ಚಂದ ಕಾಣತೈತಿ," ಅಂದಳು. ಎದ್ದು ಹೋಗುತ್ತ, "ರೀ, ಅತ್ತಿ ಕೂಸಲ್ಲ," ಅಂದಳು.

ಒಂದು ಶನಿವಾರ ಮಧ್ಯಾಹ್ನ ಅವ್ವ ಎರಡೂ ಮೆತ್ತೆಗಳನ್ನು ತಂದು ನನ್ನ ತೊಡೆಯ ಮೇಲಿಟ್ಟಳು. ದಪ್ಪ, ಅಂಚಿಗೆ ಎರಡು ಸಾಲು ಹೊಲಿಗೆ. ಎಷ್ಟು ಚೆಂದ ಇದ್ದವೆಂದರೆ ಕೆಳಗಿಡಲು ಮನಸ್ಸಾಗಲಿಲ್ಲ.

"ಹಾಕ್ಕೊಂಡು ನೋಡು ಮಲ್ಲೂ."

"ಯವ್ವಾ, ಇದನ್ನ ಹಾಕ್ಕೊಳಾಕ ಬರಂಗಿಲ್ಲ."

ಹೇಳಿಬಿಟ್ಟೆ. ಗಂಟಿನ ಬಗ್ಗೆ, ಡಾಕ್ಟರಮ್ಮನ ಬಗ್ಗೆ, ಕಸದ ಡಬ್ಬಿಯ ಬಗ್ಗೆ. ಅವಳ ಮುಖ ನೋಡದೆ, ಬೂಟಿಗೆ ಹೇಳುವವನ ಹಾಗೆ ಹೇಳಿದೆ. ಅಳುತ್ತಾಳೆ ಎಂದುಕೊಂಡಿದ್ದೆ.

ಅವಳಿಗೆ ಬಂದದ್ದು ಸಿಟ್ಟು.

"ಗಂಟು ಚುಚ್ಚಿದ್ರ ಬಾಯಿ ಬಿಟ್ಟು ಹೇಳಬಾರದೇನು? ಅವ್ವ ಹೊಲದಾಳಂತ ತಡಕೊಂಡಿಯೇನು? ಅಷ್ಟು ದೊಡ್ಡಾಂವ ಆಗಿಯೇನು ನೀ?"

"ಚುಚ್ಚಿದ್ದು ನನಗ ಗೊತ್ತಾಗಲೇ ಇಲ್ಲವ್ವಾ."

"ಹಂಗಂದ್ರ?"

ಆಗ ನನಗೆ ಹೊಳೆಯಿತು. ಏಳು ವಾರ ಇದೇ ಮನೆಯಲ್ಲಿ ನ್ಯೂರೋಪತಿ, ಸೆನ್ಸೇಷನ್ ಎಂದೆಲ್ಲ ಮಾತಾಡಿದ್ದೆವು. ಅವ್ವನಿಗೆ ಅವಳ ಭಾಷೆಯಲ್ಲಿ ಯಾರೂ ಹೇಳಿರಲಿಲ್ಲ.

"ಕಾಲಿಗೆ ಏನ್ ಮುಟ್ಟಿದ್ರೂ ತಿಳಿಯಂಗಿಲ್ಲ ನನಗ. ಮುಳ್ಳಾದರೂ, ಬೆಂಕಿಯಾದರೂ."

ಅವಳು ನಂಬಲಿಲ್ಲ. ನೆಲಕ್ಕೆ ಕೂತು, ನನ್ನ ಎಡಗಾಲನ್ನು ಎಳೆದುಕೊಂಡು ಹೆಬ್ಬೆರಳನ್ನು ಚಿವುಟಿದಳು.

"ಗೊತ್ತಾಗತೈತೇನು?"

"ಇಲ್ಲ."

ಇನ್ನೂ ಜೋರಾಗಿ ಚಿವುಟಿದಳು. ಉಗುರಿನ ಗುರುತು ಬಿದ್ದದ್ದು ನನಗೆ ಕಾಣಿಸಿತು, ಅಷ್ಟೇ. "ಈಗ?"

"ಇಲ್ಲವ್ವಾ."

ಪಾದದ ಮೇಲೆ ಚಿವುಟಿದಳು. ಹಿಮ್ಮಡಿಗೆ ಚಿವುಟಿದಳು. ಕಣಕಾಲಿಗೆ ಬಂದಳು. ಪ್ರತಿ ಸಲವೂ ಮುಖ ಎತ್ತಿ ನನ್ನನ್ನು ನೋಡುವಳು, ನಾನು ತಲೆ ಅಲ್ಲಾಡಿಸುವೆ. ಕಣಕಾಲಿನಿಂದ ನಾಲ್ಕು ಬೆರಳು ಮೇಲೆ ಬಂದಾಗ ನಾನು "ಹಾಂ" ಅಂದೆ.

"ಇಲ್ಲಿ?"

"ಹಾಂ. ಇಲ್ಲಿ ಗೊತ್ತಾಗತೈತಿ."

ಅವಳು ಆ ಜಾಗವನ್ನು ಎರಡೂ ಕೈಯಿಂದ ಗಟ್ಟಿಯಾಗಿ ಹಿಡಿದುಕೊಂಡಳು.

"ಇದರ ಕೆಳಗ ನೀ ಇಲ್ಲೇನಪ್ಪಾ?" ಅಂದಳು.

ಆಮೇಲೆ ಅತ್ತಳು. ಗಂಟಿಗಾಗಿ ಅಲ್ಲ. ಸಣ್ಣವನಿದ್ದಾಗ ಕಾಲಿಗೆ ಮುಳ್ಳು ಚುಚ್ಚಿದರೆ ಇಡೀ ಓಣಿ ಕೇಳುವಂತೆ ಅಳುತ್ತಿದ್ದೆನಂತೆ, ಎಷ್ಟು ಅಳತಿಯೋ ಎಂದು ಬೈಯುತ್ತಿದ್ದಳಂತೆ. ಅದನ್ನೇ ಹೇಳಿ ಹೇಳಿ ಅತ್ತಳು. ನಾನೂ ಅತ್ತೆ. ಕಾಯಿಲೆ ಗೊತ್ತಾದ ಮೇಲೆ ನಾನು ಅತ್ತದ್ದು ಅದೇ ಮೊದಲು. ಹನ್ನೊಂದು ವರ್ಷ ಸಕ್ಕರೆಯನ್ನು ರಿಪೋರ್ಟಿನಲ್ಲಿ ಬರುವ ಅಂಕಿ ಎಂದುಕೊಂಡಿದ್ದೆ. ನನ್ನ ಎರಡು ಪಾದ ನನ್ನ ಜೊತೆಯಲ್ಲಿಲ್ಲ ಎಂದು ಅವ್ವನ ಎದುರು ಕೂತ ಮೇಲೆಯೇ ಸರಿಯಾಗಿ ಅರ್ಥವಾಯಿತು.

ಸಂಜೆ ಕಣ್ಣೊರೆಸಿಕೊಂಡು, "ನಾಳೆ ಹೋಗೂಣು ನಡಿ, ತರೂಣು," ಅಂದಳು. ನಾಳೆ ಭಾನುವಾರ ಎಂದರೆ ಅದಕ್ಕೂ ಸಿಟ್ಟು. ಸೋಮವಾರ ಮೂವರೂ ಆಟೊದಲ್ಲಿ ಹೊರಟೆವು. ಹೆಬ್ಬಾಳದ ಟ್ರಾಫಿಕ್ಕಿನಲ್ಲಿ ನಿಂತಾಗೆಲ್ಲ, "ನಡದು ಹೋಗಿದ್ರ ಇಷ್ಟೊತ್ತಿಗೆ ಮುಟ್ಟತಿದ್ವಿ," ಎಂದಳು. ಆಮೇಲೆ ನನ್ನ ಕಾಲು ನೋಡಿ ಮುಖವನ್ನು ರಸ್ತೆಯ ಕಡೆ ತಿರುಗಿಸಿದಳು.

ಇನ್‌ಸೋಲ್ ಮಾಡುವವರು ಬಾಗಲೂರಿನ ಕಡೆಯ ನಡುವಯಸ್ಸಿನವರು. ಫೋಮ್ ತುಂಬಿದ ಡಬ್ಬಿ ತಂದಿಟ್ಟು, "ಇಂಗೆ ಕಾಲಿಡಿ ಸಾ, ಮೆಲ್ಲಗೆ ಒತ್ತಿ," ಅಂದರು. ವಾರ ಬಿಟ್ಟು ಹೋದಾಗ ಕರಿ ರಬ್ಬರಿನ ಜೊತೆ ಸಿದ್ಧವಾಗಿತ್ತು. ನಾನು ತಡವಿ ನೋಡಿದೆ, ಸರಿಯಿದೆ ಅಂದೆ. ಅವ್ವ ತನ್ನ ಕೈಗೆ ತೆಗೆದುಕೊಂಡಳು. ಕಣ್ಣು ಮುಚ್ಚಿ, ಹೆಬ್ಬೆರಳಿನಿಂದ ಇಂಚಿಂಚೂ ತೀಡಿದಳು.

"ಇಲ್ಲೊಂದು ಏರು ಐತಿ ನೋಡಪ್ಪಾ."

ಅವರು ನಕ್ಕು ಬೆರಳಾಡಿಸಿದರು. ಮತ್ತೊಮ್ಮೆ ಆಡಿಸಿದರು. ನಗು ನಿಂತಿತು. ಮೆಷಿನ್ನಿಗೆ ಕೊಟ್ಟು ಉಜ್ಜಿ ತಂದು, "ಅಜ್ಜೀ, ನೀವು ನಮ್ ಅಂಗ್ಡಿಗೇ ಬಂದ್ಬಿಡಿ," ಅಂದರು. ಅವ್ವನಿಗೆ ಎಷ್ಟು ಅರ್ಥವಾಯಿತೋ, ತಲೆಯ ಮೇಲಿನ ಸೆರಗು ಸರಿಮಾಡಿಕೊಂಡಳು.

ದಿನಾ ಬೂಟು ಹಾಕುವ ಮೊದಲು ಒಳಗೆ ಕೈ ಹಾಕಿ ನೋಡಬೇಕು ಎಂದು ಡಾಕ್ಟರಮ್ಮ ಹೇಳಿದ್ದಾರೆ. ನನ್ನ ಬೆರಳ ತುದಿಗೂ ಈಚೆಗೆ ಸ್ವಲ್ಪ ಜೋಮು. ಸುವರ್ಣಾಳಿಗೆ ಬೆಳಿಗ್ಗೆ ಪುರುಸೊತ್ತಿಲ್ಲ. ಅವ್ವ ಆ ಕೆಲಸ ತಾನೇ ತೆಗೆದುಕೊಂಡಳು. ಹೆತ್ತವಳು ಮಗನ ಬೂಟಿನೊಳಗೆ ಕೈ ಹಾಕುವುದನ್ನು ನೋಡಲು ನನಗೆ ಸಂಕಟ. ಬೇಡವ್ವಾ ಅಂದೆ.

"ನಿನ್ನ ಕುಂಡಿ ತೊಳದಾಕಿ ನಾ. ಬೂಟು ಏನ್ ದೊಡ್ಡದು. ಸರಿ ಅತ್ತಾಗ," ಅಂದಳು.

ಸತ್ತ ನರ ಮರಳಿ ಬರುವ ಭರವಸೆಯನ್ನು ಡಾಕ್ಟರಮ್ಮ ಕೊಟ್ಟಿಲ್ಲ. ನಾನೂ ಕೇಳುವುದನ್ನು ಬಿಟ್ಟಿದ್ದೇನೆ. ಬೆರಳು ಹತ್ತೂ ಇವೆ. ಸಕ್ಕರೆ ಮೊದಲಿಗಿಂತ ಹತೋಟಿಯಲ್ಲಿದೆ. ಮೊದಲ ದಿನ ಹತ್ತು ನಿಮಿಷ ಮಾತ್ರ ನಡೆಯಬೇಕೆಂದಿದ್ದರು. ಕೆರೆಯ ಗೇಟಿನ ತನಕ ಹೋಗಿ, ನೀರು ನೋಡಿ, ತಿರುಗಿ ಬಂದೆ.

ಅವ್ವ ಬಾಗಿಲಲ್ಲೇ ಸ್ಟೂಲು ಹಾಕಿಟ್ಟು ಕಾಯುತ್ತಿದ್ದಳು. ಕೂರಿಸಿ ಬೂಟು ಬಿಚ್ಚಿದಳು, ಕಾಲುಚೀಲ ಎಳೆದಳು. ಅಂಗಾಲನ್ನು ಬೆಳಕಿನ ಕಡೆ ತಿರುಗಿಸಿ, ಮುಖವನ್ನು ಹತ್ತಿರ ತಂದು, ಬೆರಳಿನಿಂದ ಸಾವಕಾಶವಾಗಿ ತೀಡಿದಳು.

"ಏನೂ ಇಲ್ಲ," ಅಂದಳು.

ಇನ್ನೊಮ್ಮೆ ನೋಡಿದಳು.